ನೇಯದ ಸೆರಗು

ಮೊದಲ ಆಕಳಿಕೆ ಬರತಾವ.
ನಿದ್ದಿ ಗಡದ್ದಾಗಿ ಆಗಿದ್ರೂ, ಲಾಳಿ ಕೈಯಾಗ ಇದ್ದಾಗನ,
ಒಂದರ ಹಿಂದ ಒಂದು, ಬೀಗರು ಬಂದಂಗ.
ಬೆಲ್ಲದ ಡಬ್ಬಿ ಕಡೆ ಕೈ ತಾನ ಹೊಂಟಿರತೈತಿ.
ಗ್ಯಾನಪ್ಪಗ ಬೈದಿರತೀನಿ, ಚಪ್ಪಲಿ ಅಡ್ಡ ಬಿಟ್ಟಿದ್ದಕ್ಕ;
ಆಮ್ಯಾಲೆ ನೋಡಿದ್ರ ಚಪ್ಪಲಿ ನನ್ನವ.

ಹದಿನಾಕು ವರ್ಷ ಇದಕ್ಕ ಹೆಸರಿದ್ದಿಲ್ಲ.
ಅತ್ತಿ ಪಿತ್ತ ಅಂದ್ಲು, ಶುಂಠಿ ತೇದು ಹಚ್ಚಿದ್ಲು.
ಓಣಿ ಮಂದಿ ಕಣ್ಣ ಬಿದ್ದಾವ ಅಂದ್ರು.
ಯಾರ ಕಣ್ಣ ಬೀಳಬೇಕ ನನ್ನ ಮ್ಯಾಲ,
ಕುಣಿಮಗ್ಗದಾಗ ಸೊಂಟದ ತನಕ ಹುಗದಾಕಿ ನಾ?
ಹುನಗುಂದದಾಗ ಚಸ್ಮಾ ಬದಲ್ಸಿದ್ರು, ಎರಡ ಸಲ.
ಸೇಠ ಅಂದ: "ಸೀರಿ ಕೊಡೂ ದಿನಾನ ನಿನ್ನ ತಲಿ ನೂಸತೈತಿ."
ಅದು ಖರೇನ.
ಹಿಂದಿನ ರಾತ್ರಿ ನಿದ್ದಿ ಇರತಿದ್ದಿಲ್ಲ, ಊಟ ಇರತಿದ್ದಿಲ್ಲ.
ಅಂವಂಗ ಅಷ್ಟ ತಿಳಿದಿತ್ತು. ನನಗ ಅಷ್ಟೂ ತಿಳಿದಿದ್ದಿಲ್ಲ.

ಸರಕಾರಿ ದವಾಖಾನಿಗೆ ಹೊಸದಾಗಿ ಬಂದಿದ್ರು ತಬಸ್ಸುಮ್ ಡಾಕ್ಟರು.
ನಾಡಿ ಹಿಡೀಲಿಲ್ಲ. ಕುರ್ಚಿ ಜಗ್ಗಿ ಸನೇಕ ಕುಂತ್ರು.
"ನೋವು ಬರೂಕಿಂತ ಮೊದಲ ಏನ್ ಕಾಣತೈತಿ?"

ಹಂಗ ಯಾರೂ ಕೇಳಿದ್ದಿಲ್ಲ.
ಎಲ್ಲಿ, ಎಷ್ಟು, ಎಂದಿನಿಂದ, ಎಲ್ಲಾ ಕೇಳಿದ್ರು.
ಮೊದಲಿಂದು ಯಾರೂ ಕೇಳಿದ್ದಿಲ್ಲ.
ಮಾತು ಸಿಗಲಿಲ್ಲ ನನಗ,
ಉಟ್ಟ ಸೀರಿ ಸೆರಗ ಅವರ ಮೇಜಿನ ಮ್ಯಾಲ ಹಾಸಿದೆ.
"ಇದರೀ," ಅಂದೆ.

ತೋಪು ತೆನಿ.
ಕೆಂಪಿನಾಗ ಬಿಳಿ ಹಲ್ಲು, ಕ್ವಾಟಿ ಗ್ವಾಡಿ ತುದಿಯಂಗ.
ಮೊದಲ ಎಳ್ಳಿನಷ್ಟು ಒಂದ ಚುಕ್ಕಿ,
ಸೂಜಿ ಮ್ಯಾಲ ಬಿಸಲ ಬಿದ್ದಂಗ. ಕಣ್ಣ ಮುಚ್ಚಿದ್ರೂ ಇರತೈತಿ.
ಆಮ್ಯಾಲೆ ಹಲ್ಲ ಒಡೀತಾವ, ಕುಡಗೋಲಿನಂಗ ಬಾಗತಾವ,
ಮಿಣಮಿಣ ಕುದಕೋತ, ಹಿಗ್ಗಕೋತ ಕಣ್ಣಿನ ಅಂಚಿಗೆ ಹೋಗತಾವ.
ಅವು ದಾಟಿದ ಜಾಗಾದಾಗ ಕತ್ತಲಿಲ್ಲ.
ಏನೂ ಇಲ್ಲ. ಗಂಡನ ಮಾರಿ ಅರ್ಧ.
ಗಡಿಯಾರದಾಗ ಮೂರು ಇಲ್ಲ, ನಾಕು ಇಲ್ಲ.
ಬೆರಳು ಜುಮುಜುಮು, ತುಟಿ ತನಕ ಇರಿವಿ ಹತ್ತಿದಂಗ.
"ದಾರ" ಅನ್ನಾಕ ಹೋಗಿ "ದನ" ಅಂತೀನಿ.
ಒಂದ ಗೇಣ ನೇಯೂವಷ್ಟು ಹೊತ್ತು, ಅಷ್ಟ.

ಆಮ್ಯಾಲೆ ಅದು ಬರತೈತಿ.

ಎಡಗಣ್ಣಿನ ಹಿಂದ ಯಾರೋ ಮಗ್ಗ ಹಾಕ್ಯಾರ.
ಎದಿ ಬಡದಂಗೆಲ್ಲ ಹಲಗಿ ಬೀಳತೈತಿ, ಅರ್ಧ ತಲಿಗೆ,
ಅರ್ಧಕ್ಕ ದಡಿ ಹಾಕಿದಂಗ.
ಬಾಜೂ ಮನಿ ಒಗ್ಗರಣಿ ನನ್ನ ಮೂಗಿನಾಗ ಸುಡತೈತಿ.
ಊರ ಹೊರಗ ಕೆಂಪಗಲ್ಲು ಕೊಯ್ಯೂ ಮಷೀನು
ಇಲ್ಲಿ ಕೊಯ್ಯತೈತಿ.
ಬಾಗಲ ಸಂದಿನ ಬೆಳಕೂ ಬ್ಯಾಡ.
ವಾಂತಿ ಆದ್ರ ಪುಣ್ಯ.
ಮರುದಿನ ಒಗದು ಹಿಂಡಿದ ಅರಿವಿ ನಾನು.

ಡಾಕ್ಟರು ತೆನಿ ಮ್ಯಾಲ ಬೆರಳ ಆಡಿಸಿದ್ರು, ಭಾಳೊತ್ತು.
"ಅರೆತಲೆನೋವು. ಮೈಗ್ರೇನ್."
ಹೆಸರ ಕೇಳಿ ಅತ್ತೆ. ನೋವಿಗೆ ಹಂಗ ಅತ್ತಿದ್ದಿಲ್ಲ.
ಗುಳಿಗಿ ಬರದ್ರು. ಬಂದ ದಿನ ಬರದಿಡಾಕ ಒಂದ ವಹಿ ಮಾಡು ಅಂದ್ರು.
"ಒಮ್ಮಿಗೇ ಸಿಡಿಲ ಬಡದಂಗ ಬಂದ್ರ, ಕೈ ಎತ್ತಾಕ ಬರದಿದ್ರ,
ಅದು ಇದಲ್ಲ. ಅವತ್ತ ವಹಿ ಬ್ಯಾಡ, ಓಡಿ ಬಾ."

ನಿನ್ನೆ ಸಂಜಿಕ ಶಾಕಂಬರಿ, ಒಂಬತ್ತನೇ ಇಯತ್ತೆ,
ಕಂಡಿಕಿ ಸುತ್ತೂದ ನಿಲ್ಲಿಸಿ ಆಕಳಿಸಿದ್ಲು.
ಮತ್ತ ಆಕಳಿಸಿದ್ಲು.
ಬೆಲ್ಲ ಕೇಳಿದ್ಲು. ತಮ್ಮಗ ಒದ್ಲು.
ನನ್ನ ಲಾಳಿ ನಿಂತ ಬಿಟ್ಟಿತು.

ಒಡಲಿಗೆ ಸೆರಗ ನಾವು ಕೊಂಡಿ ಹಾಕಿ ಜೋಡಸ್ತೀವಿ,
ಎಳಿಗೊಂದ ಎಳಿ.
ಸಾವಿರಾರು ಎಳ್ಯಾಗ ಇದೂ ದಾಟಿತೇನ?

ಮುಂಜಾನೆ ಪುಸ್ತಕ ಹಿಡಕೊಂಡು ಬಂದ್ಲು:
"ಅವ್ವಾ, ಸಾಲಿನಾಗ ತೂತ ಬಿದ್ದೈತಿ."
ಪಿತ್ತ ಅನ್ನಲಿಲ್ಲ ನಾ. ಓದಾಕ ಕಳ್ಳಿ ಅನ್ನಲಿಲ್ಲ.
ಸೆರಗ ಹಾಸಿದೆ. "ಹಿಂಗನು?"
ಹಣಿ ಒತ್ತಿ ಹಿಡಕೊಂಡ ನೋಡಿದ್ಲು, ತಲಿ ಅಲಗಿಸಲಿಲ್ಲ:
"ಅಲ್ಲವ್ವಾ. ಕಾದ ಹಂಚಿನ ಮ್ಯಾಲ ಗಾಳಿ ನಡಗತೈತೆಲ್ಲ, ಹಂಗ."

ಆಕಿದು ಬ್ಯಾರೆ. ಆಕಿದು ಆಕೀನ ಕಲೀಬೇಕು.
ಕಿಡಕಿ ಮುಚ್ಚಿದೆ, ಹಣಿಗೆ ಹಸಿ ಅರಿವಿ ಹಾಕಿದೆ.
ಕತ್ತಲ್ಯಾಗ ತಡಕಿ ವಹಿ ತಗದೆ,
ಹೊಸಾ ಹಾಳಿ ಮ್ಯಾಲ, ಸೊಟ್ಟ ಸೊಟ್ಟ, ಮಗಳ ಹೆಸರ ಬರದೆ.
ದವಾಖಾನಿ ತೆರಿಯೂದು ಒಂಬತ್ತಕ್ಕ.