ಗಟ್ಟಿ ಸಿ, ಮೆತ್ತನೆ ಸಿ

ಮಂಗಳವಾರ. ಕಿಟಕಿ ಗಾಜಿಗೆ ಮಳೆ.
ವೇಲ್ಸಿನ ಈ ಮೂಲೆಯಲ್ಲಿ, ನಮ್ಮ ಬ್ಲೈನಾದಲ್ಲಿ,
ಮಳೆ ಸುದ್ದಿಯಲ್ಲ; ನಿಂತರೆ ಸುದ್ದಿ.
ಶಾಲೆಯ ಹಿಂದೆ ಸ್ಲೇಟುಕಲ್ಲಿನ ಗುಡ್ಡೆ.
ಅಜ್ಜಂದಿರು ಒಡೆದು ಬಿಸಾಕಿದ ಚೂರೆಲ್ಲ
ಒದ್ದೆಯಾಗಿ ಮಿರುಗುತ್ತದೆ, ಮೀನಿನ ಬೆನ್ನಿನ ಹಾಗೆ.

ಇಲ್ಲಿಯ ಮಕ್ಕಳಿಗೆ ಇಂಗ್ಲಿಷ್ ಓದು ಶುರುವಾಗುವುದು
ಏಳರಲ್ಲಿ, ಮುಂದಿನ ಹಲ್ಲು ಬಿದ್ದ ಮೇಲೆ.
ಅದಕ್ಕೇ ಇರಬೇಕು, ಮೆತ್ತನೆ ಸದ್ದೆಲ್ಲ
ಸಂದಿಯಲ್ಲಿ ಸೋರಿಹೋಗುತ್ತದೆ.

ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಸಿ.
ಮನೆಮಾತಿನಲ್ಲಿ ಇದರ ಹೆಸರು ಎಕ್.
ಎಕ್ ಅಂದರೆ ಎಕ್. ಹಗಲಾಗಲಿ, ಇರುಳಾಗಲಿ,
ಯಾರ ಪಕ್ಕ ಕೂತರೂ ಆಡುವುದು ಒಂದೇ ಮಾತು: ಕ್.
‘ಇಂಗ್ಲಿಷಿನಲ್ಲಿ ಇದಕ್ಕೆ ಎರಡು ನಾಲಗೆ,’ ಅಂದೆ.
‘ಎ, ಓ, ಯು ಜೊತೆಗಿದ್ದರೆ ಗಟ್ಟಿ:
ಕ್ಯಾಟ್, ಕೋಟ್, ಕಪ್.
ಇ, ಐ, ವೈ ಬಂದು ಕೂತವೋ, ಕರಗಿತು:
ಸೆಂಟ್, ಸಿಟಿ, ಸರ್ಕಸ್ಸಿನ ಮೊದಲ ಸದ್ದು.’

ಮೂವತ್ತೊಂದು ವರ್ಷ ಹೇಳಿದ ಪಾಠ,
ಪಾಚಿ ಕಟ್ಟಿದೆ.
ಸೈಕಲ್ ಬರೆದೆ. ಒಂದೇ ಪದ, ಎರಡೂ ಸದ್ದು:
ಮುಂದಿನ ಗಾಲಿ ಸ್, ಹಿಂದಿನ ಗಾಲಿ ಕ್.
ನಕ್ಕರು. ಗೆಥಿನ್ ಮಾತ್ರ ಬೆಂಚಿನ ಕೆಳಗೆ
ಯಾರದೋ ರಬ್ಬರು ಹುಡುಕುತ್ತಿದ್ದ.

ಆಗ ಎದ್ದಳು ಕೈನ್ವೆನ್.
ಕೈ ಎತ್ತಲಿಲ್ಲ, ಬೆರಳು ತೋರಿಸಿದಳು,
ಗೂಟಗಳ ಸಾಲಿಗೆ, ತನ್ನ ಕೆಂಪು ಕೋಟಿನ ಮೇಲೆ
ಸೆಪ್ಟೆಂಬರಿನಲ್ಲಿ ನಾನೇ ಬರೆದು ಅಂಟಿಸಿದ ಚೀಟಿಗೆ.
ಮೊದಲು ಸಿ. ಪಕ್ಕದಲ್ಲೇ ಇ.

‘ಹಾಗಾದರೆ ಮಿಸ್, ಲಿವರ್‌ಪೂಲಿನ ನರ್ಸು ಹೇಳಿದ್ದೇ ಸರಿಯಾ?’

ಕತೆ ಬಂತು ತುಂಡುತುಂಡಾಗಿ. ಕಿವಿಯ ಆಪರೇಷನ್.
ಉದ್ದನೆ ಹಾಲು, ಪ್ಲಾಸ್ಟಿಕ್ ಕುರ್ಚಿ, ಅಮ್ಮನ ಮಡಿಲಲ್ಲಿ ಚೀಲ.
ಬಾಗಿಲಲ್ಲಿ ಯಾರೋ ಕೂಗಿದರು: ಸೀನ್ವೆನ್!
ಸೀನು ಬಂದ ಹಾಗೆ. ಯಾರೂ ಏಳಲಿಲ್ಲ.
ಸೀನ್ವೆನ್! ಅಮ್ಮ ಸುತ್ತ ನೋಡಿದಳು,
ಪಾಪ ಯಾರ ಮಗುವೋ, ಎಲ್ಲಿ ಹೋಯಿತೋ ಎಂದು.
ಮೂರನೇ ಕೂಗಿಗೆ ಈ ಹುಡುಗಿಯೇ ಎದ್ದು ನಿಂತಳಂತೆ.
‘ಇಡೀ ದಿನ ಸೀನ್ವೆನ್ ಆಗಿದ್ದೆ, ಮಿಸ್.
ಸೂಜಿ ಚುಚ್ಚಿದ್ದು ಅವಳಿಗೇ. ನನಗೆ ನೋಯಲಿಲ್ಲ.’

ರಬ್ಬರು ಸಿಕ್ಕಿ ಮೇಲೆದ್ದ ಗೆಥಿನ್:
‘ಜಿ ಪಾಠ ಯಾವಾಗ? ನಾನು ಜೆಥಿನ್ ಆಗಬೇಕಾ?’

ಹೆಸರುಗಳಿಗೆ ನಿಯಮವಿಲ್ಲವೆಂದು
ಪುಸ್ತಕದ ಅಡಿಯಲ್ಲಿ ಇರುವೆ ಗಾತ್ರದ ಒಂದು ಸಾಲಿದೆ.
ಓದಿ ಕೈ ತೊಳೆದುಕೊಳ್ಳಬಹುದಿತ್ತು.
ಬದಲು ನಮ್ಮ ಬೆಕ್ಕನ್ನು ಕರೆದೆ ಬೋರ್ಡಿಗೆ.
‘ಬೆಕ್ಕು?’ ‘ಕಾಥ್!’
‘ಅವನ ಬೆಕ್ಕು?’ ‘ಗಾಥ್!’
‘ಅವಳದು?’ ಗಂಟಲು ಕೆರೆದು, ‘ಖಾಥ್!’
‘ನನ್ನದು?’ ಇಡೀ ತರಗತಿ ಮೂಗಿನಿಂದ, ‘ಙ್ಹಾಥ್!’
‘ನೋಡಿ, ಮೆತ್ತಗಾಗುವುದು ನಮಗೂ ಗೊತ್ತು.
ಮಳೆಯ ಬೆನ್ನಿಗೆ ಬಂದ ಕಾಲ ಗಾಲವಾಗುವ ಹಾಗೆ
ನಮ್ಮ ಎಕ್ಕೂ ಸಹವಾಸಕ್ಕೆ ಬಗ್ಗುತ್ತದೆ.
ಬಗ್ಗಿದರೆ ಬರೆದು ಹೇಳುತ್ತದೆ, ಅಂಗಿ ಬದಲಿಸಿ ಬರುತ್ತದೆ.
ಇಂಗ್ಲಿಷಿನ ಸಿಗೆ ಒಂದೇ ಅಂಗಿ,
ಒಳಗಿರುವವರು ಇಬ್ಬರು.’

ತಿಳಿಯಿತೋ, ಬಿಟ್ಟಿತೋ. ಊಟದ ಗಂಟೆ ಹೊಡೆಯಿತು.

ಸಂಜೆ ದೀಪ ಆರಿಸುವಾಗ ನೋಡಿದೆ,
ಗೂಟದ ಚೀಟಿಯಲ್ಲಿ, ಸಿಯ ತೆರೆದ ಬಾಯೊಳಗೆ
ಪೆನ್ಸಿಲಿನಲ್ಲಿ ತಿದ್ದಿ ತಿದ್ದಿ ಬರೆದ
ಒಂದು ಕಲ್ಲು. ಕರಗದೆ ಇರಲೆಂದು.

ನಾಳೆ ಜಿ.
ಗೆಥಿನ್ ಮನೆಗೆ ಹೋಗುತ್ತ ಗುಡ್ಡೆಯ ಬುಡದಲ್ಲಿ ಬಗ್ಗಿ
ಏನನ್ನೋ ಆರಿಸಿ ಜೇಬಿಗೆ ಹಾಕಿಕೊಂಡ.