ನಾಲ್ಕನೇ ಸೀಟು

ಏಳು ಐವತ್ತೆರಡರ ಡೊಂಬಿವಲಿ ಫಾಸ್ಟ್.
ಮಹಿಳೆಯರ ಡಬ್ಬಿ, ಕಿಟಕಿ ಬದಿ,
ಹನ್ನೊಂದು ವರ್ಷ ನಾನು ಬಿಟ್ಟುಕೊಡದ ಜಾಗ.
ಮಡಿಲಲ್ಲಿ ಚೀಲ, ಚೀಲದ ಮೇಲೆ ಟಿಫಿನ್ನು,
ಟಿಫಿನ್ನಿನ ಮೇಲೆ ಮೊಣಕೈ,
ಮುಖದ ಮೇಲೆ ಬೀಗ.

ಫೋರ್ಟಿನ ಔಷಧಿ ಕಂಪನಿಯೊಂದರಲ್ಲಿ
ಲೆಕ್ಕ ಬರೆಯುವ ಕೆಲಸ ನನ್ನದು.
ಆದರೆ ಖಾತೆ ತೆರೆಯುತ್ತಿದ್ದುದು ಗಾಡಿ ಹೊರಟಾಗಲೇ:
ಪಾರಸಿಕ್ ಸುರಂಗದ ಕತ್ತಲಲ್ಲಿ ನಾದಿನಿ,
ನನ್ನ ಮದುವೆಯ ಬಳೆಯನ್ನು ಕೈಯಲ್ಲೇ ತೂಗಿ ನೋಡಿದವಳು;
ಠಾಣೆಯಲ್ಲಿ, ಎರಡು ಸಲ ಕೈತಪ್ಪಿದ ಬಡ್ತಿ;
ಘಾಟ್ಕೋಪರಿಗೆ ಮೇಲ್ಮನೆಯವರ ಸೋರುವ ನಲ್ಲಿ;
ಕುರ್ಲಾ ಬಂತೆಂದರೆ ಅಪ್ಪ ಅಂದ ಒಂದು ಮಾತು,
ಎಂಬತ್ತೊಂಬತ್ತನೇ ಇಸವಿಯದು, ಬಡ್ಡಿ ಸಮೇತ.
ವೀಟಿಯಲ್ಲಿ ಇಳಿಯುವಾಗ ಶಿಲ್ಕು ಪಕ್ಕಾ.
ಒಂದು ಪೈಸೆ ಆಚೆ ಈಚೆ ಆದದ್ದಿಲ್ಲ.

ಮೂವರ ಬೆಂಚಿಗೆ ನಾಲ್ವರು.
ಈ ಊರಿನ ಶಾಸನ ಇದು, ಬರೆದವರು ಯಾರೂ ಇಲ್ಲ,
ಮೀರಿದವರೂ ಕಡಿಮೆ.
ನಾನು ಮೀರುತ್ತಿದ್ದೆ,
ಕಣ್ಣು ಮುಚ್ಚಿ, ಮಂಡಿ ತುಸು ಅಗಲಿಸಿ.

ಒಂದು ಮಂಗಳವಾರ ಠಾಣೆಯಲ್ಲಿ ಹತ್ತಿದಳು
ಸುಗಂಧಾ ಪಾವಸ್ಕರ್.
'ಜರಾ ಸರಕಾ' ಅಂದಳು,
ನನ್ನ ನಿದ್ದೆಯನ್ನು ಚೂರೂ ನಂಬದೆ.
ಮರಾಠಿಯಲ್ಲಿ ಅಂದದ್ದು ನನ್ನ ಕಿವಿಗೆ ಬಿದ್ದದ್ದು
ನಮ್ಮ ಮಾತಿನಲ್ಲಿ:
ಸರಿ.
ಆಚೆ ಜರುಗು ಅನ್ನುವುದಕ್ಕೂ ಸರಿ,
ಆಯ್ತು ಬಿಡು ಅನ್ನುವುದಕ್ಕೂ ಸರಿ,
ಜಗಳದ ತುದಿಗೆ ಅಮ್ಮ ಸೆರಗು ಕೊಡವಿ
ಒಳಗೆ ಹೋಗುತ್ತ ಅನ್ನುತ್ತಿದ್ದುದೂ ಅದೇ.

ಸರಿದೆ. ನಾಲ್ಕೇ ಬೆರಳು.
ಅರ್ಧ ಕುಂಡೆ ಊರಿ, ಅರ್ಧ ಗಾಳಿಯಲ್ಲಿಟ್ಟು
ಅವಳು ರಾಣಿಯ ಹಾಗೆ ಕೂತಳು.

ಪರೇಲಿನ ಆಸ್ಪತ್ರೆಯಲ್ಲಿ ಅವಳಿಗೆ ಚಾದರದ ಕೆಲಸ:
ಕೊಳೆಯಾದದ್ದು ಎಷ್ಟು ಹೋಯಿತು,
ಒಗೆದು ಎಷ್ಟು ಬಂತು.
ದಿನಕ್ಕೆ ಆರುನೂರು.
'ಅಲ್ಲಿ ಎಣಿಸಿ ಎಣಿಸಿ ಸಾಕಾಗ್ತದೆ ಅಕ್ಕಾ,
ಗಾಡಿಯಲ್ಲಿ ನಾನು ಏನನ್ನೂ ಎಣಿಸೋದಿಲ್ಲ.'

ಎಣಿಸದವಳು ಮತ್ತೇನು ಮಾಡುತ್ತಾಳೆ?
ಅಬ್ಬಲಿಗೆ ಕಟ್ಟುತ್ತಾಳೆ, ಕೇಳಿದವರಿಗೆ ಮೊಳ ಹರಿದು ಕೊಡುತ್ತಾಳೆ.
ಎದುರಿನವಳ ಹೊಸ ಓಲೆ ಹೊಗಳುತ್ತಾಳೆ, ಬೆಲೆ ಕೇಳುವುದಿಲ್ಲ.
ಬಾಗಿಲಲ್ಲಿ ನೂಕಿದವಳಿಗೆ ಅಲ್ಲೇ, ಪೂರ್ತಿ ಬೈದು ಮುಗಿಸುತ್ತಾಳೆ,
ಉಳಿಸಿ ಮನೆಗೆ ಒಯ್ಯುವುದಿಲ್ಲ.
ಮುಲುಂಡಿನ ಹತ್ತಿರ ಒಂದು ತಾರಸಿಯ ಮೇಲೆ
ದಿನಾ ಹಲ್ಲುಜ್ಜುವ ಮುದುಕನಿಗೆ ಕೈ ಬೀಸುತ್ತಾಳೆ.
ಅವನು ಒಮ್ಮೆಯೂ ಇತ್ತ ನೋಡಿದ್ದಿಲ್ಲ.
'ನೋಡದಿದ್ರೇನಂತೆ, ಕೈಗೆ ವ್ಯಾಯಾಮ.'

ಒಂದು ದಿನ ನಾಚಿಕೆ ಬಿಟ್ಟು ಕೇಳಿದೆ,
'ಹೇಗೆ ಇಷ್ಟು ಖುಷಿಯಾಗಿರುತ್ತೀ?'
ಹಲ್ಲಲ್ಲಿ ದಾರ ಕಚ್ಚಿಕೊಂಡಿದ್ದಳು.
'ಊಂ?' ಅಂದಳು.
ದಾದರ್ ಬಂತು.
ಇಳಿದು ಹೋದಳು.

ಹಾಗೆ ನೋಡಿದರೆ ನನ್ನಲ್ಲಿ ಬದಲಾದದ್ದು ಬಹಳ ಇಲ್ಲ.
ನಾದಿನಿ ನಾದಿನಿಯೇ.
ಮೇಲ್ಮನೆಗೆ ಹೋಗಿ ಬಾಗಿಲು ಬಡಿದೆ, ಒಳಗೆ ಕರೆದು ಚಹಾ ಕೊಟ್ಟರು.
ಸಕ್ಕರೆ ಜಾಸ್ತಿ. ನಲ್ಲಿ ಇನ್ನೂ ಸೋರುತ್ತಿದೆ.
ಸುಗಂಧಾಗೆ ಈಗ ರಾತ್ರಿ ಪಾಳಿ.
ಮುಲುಂಡಿನಲ್ಲಿ ಕೈ ಬೀಸುವ ಕೆಲಸ ನನಗೆ ಬಂದಿದೆ,
ಕೆಂಪು ಬ್ರಶ್ಶಿನ ಆ ಮುದುಕ ಈಗಲೂ ನೋಡುವುದಿಲ್ಲ,
ಅಬ್ಬಲಿಗೆಯ ಗಂಟು ನನ್ನ ಕೈಯಲ್ಲಿ ಸಡಿಲ,
ಹೂವು ಉದುರುತ್ತವೆ, ಯಾರೂ ದೂರಿಲ್ಲ.

ನಿನ್ನೆ ಕುರ್ಲಾದಲ್ಲಿ
ಅಪ್ಪನ ಮಾತು ಹತ್ತಿತು, ವಾಡಿಕೆಯಂತೆ.
ಬೆವೆತು, ಕಂಬಿಗೆ ಜೋತು,
ನನ್ನನ್ನೇ ನೋಡುತ್ತ ನಿಂತಿತು.
ಅದಕ್ಕೂ ವಯಸ್ಸಾಗಿದೆ.
ನಾಲ್ಕು ಬೆರಳು ಸರಿದೆ.
'ಎಲ್ಲಿ ಇಳಿಯೋದು?' ಕೇಳಿದೆ,
ಇಲ್ಲಿ ಎಲ್ಲರನ್ನೂ ಎಲ್ಲರೂ ಕೇಳುವ ಹಾಗೆ.
ಉತ್ತರ ಬರಲಿಲ್ಲ.
ಬೆಂಚಿನ ತುದಿಗೆ ಅರ್ಧ ಊರಿ ಕೂತಿತು.
ಸಾಯನ್ ದಾಟಿತು.
ದಾರದ ಒಂದು ತುದಿಯನ್ನು ಅದರ ಕೈಗೆ ಕೊಟ್ಟೆ,
ಹಿಡಿದುಕೊಂಡಿರಲಿ ಎಂದು.