ತೇಜಿ ಮಂದಿ

ನೆಹರೂ ಗಂಜಿನ ನಮ್ಮ ಅಡತಿ ಅಂಗಡಿಯಾಗ
ಈಗ ಎರಡು ಭಾವಪಟ್ಟಿ.
ಒಂದು ಹಲಗಿ, ಸೀಮೆಸುಣ್ಣ ಹಿಡದು ನಾನೇ ಬರೆಯೋದು:
ತೊಗರಿ ಕೆಂಪು, ತೊಗರಿ ಬಿಳಿ, ಕಡ್ಲಿ, ಹೆಸರು.
ಇನ್ನೊಂದು ಸೇಠರ ಮಗಳು ಪಾಯಲಳ ಅಂಗೈಯಾಗ,
ಹಸಿರು ಕೆಂಪು, ಹಸಿರು ಕೆಂಪು,
ಗಿರಣಿ ಚಾಳಣಿ ಹಂಗ ಅಳ್ಳಾಡ್ತಿರ್ತದ.

ಇವತ್ತು ಕಸ ಹೊಡೆಯೋ ಮೊದಲೇ ಬಂದು ಕುಂತಿದ್ಲು.
ನಿದ್ದಿ ಇಲ್ಲದ ಕಣ್ಣು.
"ಮುನೀಮಜೀ, ರಾತ್ರಿ ಅಮೇರಿಕಾದಾಗ
ಬಾಂಡಿನ ಇಳುವರಿ ಏರ್ಯಾದ."

"ಚೊಲೊ ಆತಲ್ಲ ತಂಗಿ" ಅಂದೆ.
ಮೂವತ್ತೊಂಬತ್ತು ವರ್ಷ ಕಾಳಿನ ನಡುವ ಕುಂತ ಬಾಯಿ,
ಮತ್ತೇನಂದೀತು?

ಆಕಿ ನಗಲಿಲ್ಲ. ಚಹಾ ಸರಿಸಿ ಹೇಳಿದ್ಲು:
ಇಳುವರಿ ಏರಿದ್ರ ಬಾಂಡಿನ ಬೆಲಿ ಬೀಳ್ತದ,
ಬಂದ ರೊಕ್ಕ ಹೊಳ್ಳಿ ತನ್ನ ದೇಶಕ್ಕ ಓಡ್ತದ,
ಡಾಲರ್ ಉಬ್ಬತದ, ರೂಪಾಯಿ ಸೊರಗತದ,
ನಮ್ಮ ಶೇರು...
ಮಾತು ಅಲ್ಲಿಗೇ ಬಿಟ್ಟಳು.

ಬೀಳ್ತದ, ಖರೆ. ಇದನ್ನ ನನಗ ಯಾರೂ ಕಲಿಸಬೇಕಿಲ್ಲ.
ಆ ಒಂದು ವರ್ಷ ಆಳಂದ, ಅಫಜಲಪುರ, ಜೇವರ್ಗಿ,
ಎಲ್ಲಾ ಕಡೆ ಗಿಡ ಬಾಗೋ ಹಂಗ ಕಾಯಿ ಹಿಡದಿತ್ತು.
ಗೋದಾಮು ಸಾಲದೇ ರಸ್ತೆ ಮ್ಯಾಲ ಚೀಲ ಒಟ್ಟಿದ್ವಿ.
ಹಲಗಿ ಮ್ಯಾಲಿನ ಅಂಕಿ
ದಿನಾ ಮುಂಜಾನೆ ಬೆರಳಿಲೆ ಅಳಸಿ
ದಿನಾ ಸಣ್ಣದು ಬರೆದೆ.
ನ್ಯೂಯಾರ್ಕಿಗೂ ಜೇವರ್ಗಿಗೂ
ಒಂದೇ ಶಾಸ್ತ್ರ ಬರೆದವ ಯಾವನೋ!

ನಾಗೂಬಾಯಿ ಕಸಬರಗಿ ನಿಂದ್ರಿಸಿ ಕೇಳಿದ್ಲು:
"ಬಾಂಡ್ ಬಿತ್ತಂತ? ಎಷ್ಟರದವ್ವ, ನೂರರದೋ ಇಪ್ಪತ್ತರದೋ?"
ಆಕಿ ಕಂಡ ಬಾಂಡ್ ತಹಶೀಲ ಕಚೇರಿ ಮುಂದಿನದು,
ಅಣ್ಣ ತಮ್ಮ ಬ್ಯಾರೆ ಆದ ದಿನ ಹೆಬ್ಬಟ್ಟು ಒತ್ತಿದ್ದು.
"ಅಳಬ್ಯಾಡ, ಹುಡುಕಿ ಕೊಡ್ತೀನಿ,
ಚೀಲದ ಸಂದ್ಯಾಗ ಇದ್ದೀತು."

ಹನ್ನೊಂದಕ್ಕ ಸವಾಲು.
ಮಕ್ಬೂಲ ಚೀಲಕ್ಕ ಚುಚ್ಚಿ ಕಾಳು ಹೊರಗ ತೆಗದ.
ಈಗ ಎಲ್ಲಾ ಕಂಪ್ಯೂಟರಿನಾಗ ನಡೀತದ, ಆದರೂ
ವೈಜಿನಾಥಪ್ಪಗ ಬೆರಳು ಹಿಡೀದ ಹೊರತು ನಂಬಿಕಿ ಬರಂಗಿಲ್ಲ.
ಟವಲ್ಲಿನ ಕೆಳಗ ನನ್ನ ಕೈ, ಅವನ ಕೈ,
ಯಾರಿಗೂ ಕಾಣಂಗಿಲ್ಲ.
ಎರಡು ಬೆರಳು, ಮೂರು, ಅಂಗೈಯಾಗ ಒಂದು ಗೀಟು.
ಇವತ್ತು ಆ ಕೈ ತಣ್ಣಗಿತ್ತು.
ಮೊಜಾಂಬಿಕದ ತೊಗರಿ ಹಡಗು ಮುಂಬೈಗೆ ಬಂದು ನಿಂತಿತ್ತು.
ಅವ ಅದನ್ನ ಬಾಯಿಲೆ ಹೇಳಲಿಲ್ಲ,
ಒಂದು ಬೆರಳು ಕಡಿಮಿ ಹಿಡದ.

"ಮಂದಿ ಬಂತು" ಅಂದೆ ಸೇಠರಿಗೆ.
ಮಂದಿ ಬಂದ್ರು ಅಂದ್ರ ಜನ.
ಮಂದಿ ಬಂತು ಅಂದ್ರ ಖಾಲಿ ಗಂಜು, ಹಮಾಲರ ಬೀಡಿ,
ಗಿರಣಿ ನಿಂತ ಮ್ಯಾಲಿನ ಸಪ್ಪಳ.
ಪಾಯಲ ಫೋನು ನನ್ನ ಕಡೆ ತಿರುಗಿಸಿದ್ಲು:
ಟೋಕಿಯೋ, ಸಿಂಗಾಪುರ, ಮುಂಬೈ,
ಎಲ್ಲಾ ಕಡೆ ಮಂದಿ ಬಂದದ,
ಒಬ್ಬ ಮನಷಾನೂ ಕಾಣವಲ್ಲ.

ಸಂಜಿಗೆ ನಾಗೂಬಾಯಿ
ದಿನದ ಉದುರಿದ ಕಾಳು ಕೇರಿ ಅಳೆಯಾಕ ಕುಂತಳು.
"ಎಷ್ಟಾತು?" ಅಂದೆ.
"ಎರಡು ಶೇರು."
ಮೂಲ್ಯಾಗ ಕುಂತ ಪಾಯಲ ತಟ್ಟನ ತಲಿ ಎತ್ತಿದ್ಲು.

ನಾಗೂಬಾಯಿ ಆಕಿ ಕಡೆ ನೋಡಲಿಲ್ಲ.
ಅಳತಿ ಮ್ಯಾಲ ಗೋಪುರ ಎದ್ದ ಕಾಳನ್ನ
ಅಂಗೈಲೆ ಸವರಿ ಸಮ ಮಾಡಿ,
ಸೆರಗಿಗೆ ಸುರುವಿಕೊಂಡು ಗಂಟು ಹಾಕಿದ್ಲು.